ಯಾರ ಮೈಮೇಲೆ ಕಲಿಯುವುದು?

ಉತ್ತರ ಟಾಂಜಾನಿಯಾದ ಹೈಡಮ್ ಎಂಬಲ್ಲಿ ಲೂಥರನ್ ಮಿಷನ್ನಿನ ಒಂದು ಆಸ್ಪತ್ರೆ ಇದೆ. ಸುತ್ತೆಲ್ಲ ಹಳ್ಳಿಗಾಡು. 2010ರಲ್ಲಿ ಅಲ್ಲಿನ ಹೆರಿಗೆ ಕೋಣೆಯ ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಟ್ಟರು. ಹುಟ್ಟಿದ ಕೂಸು ಅಳದೆ, ಉಸಿರೆಳೆಯದೆ ಸುಮ್ಮನೆ ಬಿದ್ದಿದ್ದರೆ ಮೊದಲ ಒಂದು ನಿಮಿಷದೊಳಗೆ ಏನು ಮಾಡಬೇಕು ಎಂಬುದೇ ಪಾಠ. ಕಲಿತದ್ದು ಗೊಂಬೆಯ ಮೇಲೆ. ಏಳು ತಿಂಗಳು ಕಳೆದ ಮೇಲೆ ಮತ್ತೆ ಗೊಂಬೆಯನ್ನು ಮುಂದಿಟ್ಟು ಪರೀಕ್ಷೆ ಮಾಡಿದರು. ತರಬೇತಿಗೆ ಮುಂಚೆ ನೂರಕ್ಕೆ 18 ಮಂದಿ ಪಾಸಾಗಿದ್ದ ಪರೀಕ್ಷೆಯಲ್ಲಿ ಈಗ 74 ಮಂದಿ ಪಾಸಾದರು. ನಮ್ಮಲ್ಲಾಗಿದ್ದರೆ ಇಲ್ಲಿಗೆ ಗ್ರೂಪ್ ಫೋಟೊ ತೆಗೆಸಿ, ಪ್ರಮಾಣಪತ್ರ ಹಂಚಿ, ವರದಿಯನ್ನು ಮೇಲಕ್ಕೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಹೈಡಮ್‌ನ ಸಂಶೋಧಕರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಹೆರಿಗೆ ಕೋಣೆಯಲ್ಲೇ ವೀಕ್ಷಕರನ್ನು ನಿಲ್ಲಿಸಿ, ನಿಜವಾದ ಕೂಸುಗಳಿಗೆ ಸಿಬ್ಬಂದಿ ಏನೇನು ಮಾಡುತ್ತಾರೆ ಎಂಬುದನ್ನು ತರಬೇತಿಗೆ ಮುಂಚೆಯೂ ಆಮೇಲೂ ಬರೆಸಿದ್ದರು. ಆ ಬರಹದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಗೊಂಬೆಗೆ ಉಸಿರು ಕೊಡುವುದು ಬಂತು, ಕೂಸಿಗೆ ಕೊಡುವ ರೀತಿ ಹಳೆಯದೇ ಉಳಿಯಿತು. 2013ರಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಪ್ರಕಟಿಸಿದರು.

ಇದನ್ನು ಓದಿದವರು ಸುಲಭವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರಬಹುದು. ಗೊಂಬೆಯಾಟದಿಂದ ಏನೂ ಆಗದು ಎನ್ನಬಹುದು. ಇಲ್ಲವೇ ಸಿಬ್ಬಂದಿಗೆ ಕಾಳಜಿ ಸಾಲದು ಎನ್ನಬಹುದು. ಹೈಡಮ್‌ನವರು ಎರಡನ್ನೂ ಹೇಳಲಿಲ್ಲ. ಗೊಂಬೆಯನ್ನು ತಂದು ಹೆರಿಗೆ ವಿಭಾಗದಲ್ಲೇ ಇಟ್ಟರು. ವಾರಕ್ಕೊಮ್ಮೆ, ಕೆಲಸದ ನಡುವೆಯೇ, ಮೂರರಿಂದ ಐದು ನಿಮಿಷದ ಅಭ್ಯಾಸ. ತಿಂಗಳಿಗೊಮ್ಮೆ 40 ನಿಮಿಷದ ಮರುಪಾಠ. ಹೀಗೆ ನಡೆಸಿದ ಮೇಲೆ, ಹುಟ್ಟಿದ 24 ಗಂಟೆಯೊಳಗೆ ಸಾಯುವ ಕೂಸುಗಳ ಪ್ರಮಾಣ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಗೊಂಬೆ ಅದೇ, ಪಾಠ ಅದೇ, ಆಸ್ಪತ್ರೆ ಅದೇ. ಬದಲಾದದ್ದು ಕಲಿಕೆಯನ್ನು ಜೋಡಿಸಿದ ರೀತಿ.

ಕಲಿಕೆಯ ಜೋಡಣೆ ಎಂದ ಕೂಡಲೇ ಅದು ಬಿ.ಎಡ್. ಓದುವವರ ಪ್ರಶ್ನೆಪತ್ರಿಕೆಯ ವಿಷಯ ಎಂದು ನಾವು ಪಕ್ಕಕ್ಕಿಟ್ಟುಬಿಡುತ್ತೇವೆ. ನನಗೆ ಅದು ನ್ಯಾಯ ಅನ್ಯಾಯದ ವಿಷಯವಾಗಿ ಕಾಣುತ್ತದೆ. ಕೈಯಿಂದ ಮಾಡುವ ಯಾವ ವಿದ್ಯೆಯೂ ತಪ್ಪು ಮಾಡದೆ ಬರುವುದಿಲ್ಲ. ಬಡಗಿ ಕಲಿಯುವಾಗ ಮರ ಹಾಳಾಗುತ್ತದೆ, ದರ್ಜಿ ಕಲಿಯುವಾಗ ಬಟ್ಟೆ. ವೈದ್ಯರು, ದಾದಿಯರು ಕಲಿಯುವಾಗ ಹಾಳಾಗುವುದು ಯಾರ ಮೈ? ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಉತ್ತರ ಗೊತ್ತು. ಹೌಸ್ ಸರ್ಜನ್ನಿನ ಮೊದಲ ಹೊಲಿಗೆ, ನರ್ಸಿಂಗ್ ವಿದ್ಯಾರ್ಥಿನಿ ಮೂರು ಸಲ ಚುಚ್ಚಿಯೂ ಸಿಗದ ನರ, ಪಿಜಿ ವಿದ್ಯಾರ್ಥಿ ಬೆವರುತ್ತ ಹಿಡಿದ ಮೊದಲ ಫೋರ್ಸೆಪ್ಸ್, ಇವೆಲ್ಲ ಸ್ಪೆಷಲ್ ವಾರ್ಡಿನಲ್ಲಿ ನಡೆಯುವುದು ಅಪರೂಪ. ಹೀಗೇ ಆಗಬೇಕೆಂದು ಯಾವ ಆದೇಶದಲ್ಲೂ ಬರೆದಿಲ್ಲ, ಯಾವ ವೈದ್ಯರೂ ಬೇಕೆಂದು ಮಾಡುವುದೂ ಇಲ್ಲ. ಆದರೂ ದುಡ್ಡಿಲ್ಲದವರು ಮತ್ತೊಬ್ಬರ ವಿದ್ಯೆಯ ಶುಲ್ಕವನ್ನು ತಮ್ಮ ಚರ್ಮದಿಂದ ಕಟ್ಟುತ್ತ ಬಂದಿದ್ದಾರೆ. ಅವರಿಂದ ಒಪ್ಪಿಗೆ ಕೇಳಿದವರೂ ಕಡಿಮೆ.

ಈ ಇರುಸುಮುರುಸು ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಅಭ್ಯಾಸದ ಕುರಿತೇ ಇದೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳ ಮತ್ತು ತಾವರೆ ದಂಟಿನ ಮೇಲೆ. ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಮೇಲೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಅರ್ಹನಲ್ಲ ಎಂಬುದು ಅಲ್ಲಿನ ನಿಲುವು. ಇದನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರನ್ನು ಕಂಡಿದ್ದೇನೆ. ಚಪ್ಪಾಳೆ ಆದ ಮೇಲೆ ಅವರದೇ ಕಾಲೇಜಿನ ಸ್ಕಿಲ್ ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಯಾರಾದರೂ ಕೇಳಬೇಕು.

ಫ್ರಾನ್ಸಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಆಂಜೆಲಿಕ್ ದ್ಯು ಕುದ್ರೆ ಎಂಬ ಸೂಲಗಿತ್ತಿ ಇದ್ದಳು. ಹೆರಿಗೆ ಕಲಿಸಲು ಅವಳು ಬಟ್ಟೆ, ಚರ್ಮಗಳಿಂದ ಹೆಣ್ಣಿನ ಸೊಂಟದ ಭಾಗವನ್ನೂ ಅದರೊಳಗೆ ಕೂರುವ ಕೂಸನ್ನೂ ಹೊಲಿದು ಮಾಡಿದಳು. 1759ರಲ್ಲಿ ದೊರೆ ಹದಿನೈದನೆಯ ಲೂಯಿಯ ಅಪ್ಪಣೆ ಸಿಕ್ಕಿದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಊರೂರು ತಿರುಗಿ ಸಾವಿರಾರು ಹಳ್ಳಿ ಹೆಂಗಸರಿಗೆ ಕಲಿಸಿದಳು. ಅವರಲ್ಲಿ ಅಕ್ಷರ ಬಲ್ಲವರು ವಿರಳ. ಹಾಗಾಗಿ ಪಾಠವನ್ನು ಓದಿಸುವ ದಾರಿ ಅವಳಿಗಿರಲಿಲ್ಲ, ಕೈಯಿಂದ ಮಾಡಿಸಿ, ತಪ್ಪಿಸಿ, ಮತ್ತೆ ಮಾಡಿಸುವುದೊಂದೇ ದಾರಿ. ಅವಳ ಗೊಂಬೆಗಳಲ್ಲಿ ಒಂದು ಇಂದಿಗೂ ರುವಾನ್ ಊರಿನ ಮ್ಯೂಸಿಯಂನಲ್ಲಿದೆ. ಕಲಿಯುವವರು ಯಾರು, ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬಲ್ಲಿಂದ ಪಾಠ ಕಟ್ಟಬೇಕು ಎಂದು ಇಂದಿನ ಪಠ್ಯ ವಿನ್ಯಾಸಕಾರರು ಅಧ್ಯಾಯಗಟ್ಟಲೆ ಬರೆಯುತ್ತಾರೆ. ದ್ಯು ಕುದ್ರೆ ಅದನ್ನು ಸೂಜಿ ದಾರದಲ್ಲಿ ಮಾಡಿ ಮುಗಿಸಿದ್ದಳು.

ವಿಮಾನದವರು ನಮಗಿಂತ ಬೇಗ ಎಚ್ಚೆತ್ತರು. ಆರ್ಗನ್ ವಾದ್ಯ ತಯಾರಿಸುವ ಮನೆತನದ ಎಡ್ವಿನ್ ಲಿಂಕ್ 1929ರಲ್ಲಿ ಅಮೆರಿಕದಲ್ಲಿ, ಅದೇ ವಾದ್ಯದ ತಿದಿಗಳನ್ನು ಬಳಸಿ ನೆಲದ ಮೇಲೆಯೇ ಹಾರಾಟ ಕಲಿಸುವ ಪೆಟ್ಟಿಗೆ ಮಾಡಿದ. ಮೊದಲು ಅದು ಜಾತ್ರೆಯ ಆಟಿಕೆ ಎನಿಸಿಕೊಂಡಿತ್ತು. 1934ರಲ್ಲಿ ಅಂಚೆ ಹೊತ್ತು ಹಾರಿದ ಸೇನೆಯ ಪೈಲಟ್‌ಗಳು ಒಬ್ಬರ ಮೇಲೊಬ್ಬರು ಸತ್ತಾಗ ಸೇನೆ ಅದನ್ನು ಕೊಂಡಿತು. ಪೈಲಟ್ ತಪ್ಪಿದರೆ ಪೈಲಟ್ಟೂ ಸಾಯುತ್ತಾನೆ. ವೈದ್ಯಕೀಯದಲ್ಲಿ ತಪ್ಪಿದವರು ಸಂಜೆ ಮನೆಗೆ ಹೋಗುತ್ತಾರೆ. ಆಸ್ಪತ್ರೆಗಳು ಹಿಂದೆ ಬಿದ್ದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆಯುವುದಿಲ್ಲ.

ಹೈಡಮ್‌ನ ಗೊಂಬೆಯ ಹೆಸರು ನಿಯೊನಟಾಲಿ. ಮಾಡಿದವರು ನಾರ್ವೆಯ ಲೇರ್ಡಾಲ್ ಕಂಪನಿ. ಇದರ ಸ್ಥಾಪಕ ಆಸ್ಮುಂಡ್ ಲೇರ್ಡಾಲ್ ಆಟಿಕೆ ತಯಾರಿಸುತ್ತಿದ್ದವನು. ನಿಂತ ಉಸಿರನ್ನು ಮರಳಿಸುವುದನ್ನು ಕಲಿಸುವ ಮೊದಲ ಗೊಂಬೆಯನ್ನು 1960ರಲ್ಲಿ ಹೊರತಂದ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಶುರುಮಾಡಿದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಗಾಗಿ ಈ ನಿಯೊನಟಾಲಿ ಕೂಸನ್ನು ರೂಪಿಸಿದರು. ಬೆಳಗಾವಿ ಕಡೆಯೂ ಬಂದ ಗೊಂಬೆ ಇದು. ಅದನ್ನೊಮ್ಮೆ ಹತ್ತಿರದಿಂದ ನೋಡಬೇಕು.

ಮಡಚಿಟ್ಟರೆ ಖಾಲಿ ಚೀಲ. ಎರಡು ಲೀಟರಿನಷ್ಟು ಉಗುರುಬೆಚ್ಚಗಿನ ನೀರು ತುಂಬಿಸಿದರೆ ಅದಕ್ಕೆ ಮೈ ಬರುತ್ತದೆ, ಕತ್ತು ಜೋಲುತ್ತದೆ, ಎತ್ತಿಕೊಂಡವರ ಕೈ ತಾನಾಗಿ ತಲೆಯ ಕೆಳಕ್ಕೆ ಹೋಗುತ್ತದೆ. ಒರೆಸಿ ಬೆಚ್ಚಗೆ ಸುತ್ತಬೇಕು, ಬೆನ್ನು ಉಜ್ಜಬೇಕು. ಆದರೂ ಉಸಿರಿಲ್ಲವೆಂದರೆ ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್ ತೆಗೆದುಕೊಂಡು ಮಾಸ್ಕನ್ನು ಬಾಯಿ ಮೂಗಿನ ಮೇಲೆ ಕೂರಿಸಬೇಕು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಸುತ್ತ. ಉಳಿದ ಬೆರಳು ಗದ್ದದ ಎಲುಬಿನ ಕೆಳಗೆ. ಕಿರುಬೆರಳು ಸ್ವಲ್ಪ ಜಾರಿ ಗಂಟಲಿನ ಮೆತ್ತನೆ ಭಾಗವನ್ನು ಒತ್ತಿದರೆ ಗಾಳಿಯ ದಾರಿಯೇ ಮುಚ್ಚುತ್ತದೆ. ಕತ್ತು ಹೆಚ್ಚು ಹಿಂದಕ್ಕೆ ಬಾಗಿದರೂ ಕಷ್ಟ, ಮುಂದಕ್ಕೆ ಬಾಗಿದರೂ ಕಷ್ಟ. ಎಲ್ಲ ಸರಿಯಾದಾಗ ಎದೆ ಏಳುತ್ತದೆ. ಸರಿಯಿಲ್ಲದಿದ್ದರೆ ಮಾಸ್ಕಿನ ಅಂಚಿನಿಂದ ಗಾಳಿ ಪುಸ್ ಎನ್ನುತ್ತದೆ. ಹೀಗೆ ನಿಮಿಷಕ್ಕೆ 40ರಷ್ಟು ಸಲ ಬ್ಯಾಗನ್ನು ಒತ್ತಬೇಕು, ಬಾಯಲ್ಲಿ ಎಣಿಸುತ್ತ. ಕೇಳಲು ಎಷ್ಟು ಸಲೀಸು! ಇಪ್ಪತ್ತು ವರ್ಷ ಸರ್ವಿಸ್ ಆದ ಸಿಸ್ಟರ್‌ಗಳ ಕೈಯೂ ಮೊದಮೊದಲು ಇಲ್ಲಿ ತಡವರಿಸುತ್ತದೆ.

‘ಎದಿ ಏಳವಲ್ದು ನೋಡ್ರೀ ಸಿಸ್ಟರ್’ ಎನ್ನುತ್ತಾಳೆ ಎದುರು ಕೂತವಳು. ಇಬ್ಬರಿಗೆ ಒಂದು ಗೊಂಬೆ ಎಂಬುದು ಈ ತರಬೇತಿಯ ನಿಯಮ. ಒಬ್ಬಳು ಮಾಡುವಾಗ ಇನ್ನೊಬ್ಬಳ ಕೈಯಲ್ಲಿ ಗೊಂಬೆಯಿಂದ ಹೊರಟ ಕೊಳವೆಗಳ ತುದಿಯ ರಬ್ಬರ್ ಗುಂಡುಗಳಿರುತ್ತವೆ. ಒಂದನ್ನು ಹಿಸುಕಿದರೆ ಕೂಸು ಅಳುತ್ತದೆ, ಒಂದಕ್ಕೆ ಉಸಿರಾಡುತ್ತದೆ, ಇನ್ನೊಂದಕ್ಕೆ ಹೊಕ್ಕುಳಬಳ್ಳಿ ಮಿಡಿಯುತ್ತದೆ. ಎದುರಿಗಿರುವವಳು ಸರಿಯಾಗಿ ಮಾಡಿದಳೋ ಇಲ್ಲವೋ ನೋಡಿ ಕೂಸನ್ನು ಬದುಕಿಸುವುದೂ ಬಿಡುವುದೂ ಗುಂಡು ಹಿಡಿದವಳ ಕೈಯಲ್ಲಿದೆ. ಆಮೇಲೆ ಅದಲು ಬದಲು.

ರಷ್ಯಾದ ಲೆವ್ ವಿಗಾಟ್‌ಸ್ಕಿ 1934ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡವನು. ಒಬ್ಬರೇ ಮಾಡಲಾಗದ್ದು, ಪಕ್ಕದಲ್ಲಿ ಒಬ್ಬರಿದ್ದರೆ ಮಾಡಲು ಬರುವಂಥದ್ದು, ಈ ಎರಡರ ನಡುವಿನ ಜಾಗದಲ್ಲೇ ಕಲಿಕೆ ನಡೆಯುವುದು ಎಂದವನು ಅವನು. ಇಬ್ಬರಿಗೆ ಒಂದು ಗೊಂಬೆ ಎಂಬ ನಿಯಮದಲ್ಲಿ ಅವನಿದ್ದಾನೆ. ದುಡ್ಡು ಉಳಿಸಲು ಮಾಡಿದ ನಿಯಮವೆಂದು ತಿಳಿದವರು ಇಪ್ಪತ್ತು ಜನಕ್ಕೆ ಒಂದು ಗೊಂಬೆ ಇಟ್ಟು, ವೇದಿಕೆಯ ಮೇಲೆ ಡೆಮೊ ತೋರಿಸಿ ಮುಗಿಸುತ್ತಾರೆ. ಹಿಂದಿನ ಸಾಲಿನವರಿಗೆ ಕಾಣುವುದು ಮೇಡಂ ಅವರ ಬೆನ್ನು.

ಆ ರಬ್ಬರ್ ಗುಂಡಿನ ಬಗ್ಗೆ ಇನ್ನೊಂದು ಮಾತಿದೆ. ಅದು ಕಲಿಸುವವರ ಕೈಗೆ ಬಂದಾಗ ಅಧಿಕಾರವೂ ಬರುತ್ತದೆ. ಕಲಿಯುವವಳು ಎಷ್ಟೇ ಸರಿಯಾಗಿ ಮಾಡಿದರೂ ಗುಂಡು ಹಿಸುಕದೆ ಕೂತು, ಕೊನೆಗೆ ‘ನಿನ್ನ ಮಗು ಸತ್ತಿತು ನೋಡು’ ಎಂದು ಎಲ್ಲರೆದುರು ಹೇಳಿ ನಗಿಸುವ ಮೇಷ್ಟರುಗಳಿದ್ದಾರೆ. ಗಟ್ಟಿಯಾಗಲಿ ಎಂದು ಹಾಗೆ ಮಾಡಿದೆ ಎನ್ನುತ್ತಾರೆ. ನಿಜವಾಗಿ ಕಲಿತದ್ದೇನು? ಎಲ್ಲ ಸರಿಯಾಗಿ ಮಾಡಿದರೂ ಕೂಸು ಸಾಯುತ್ತದೆ, ಆಮೇಲೆ ಬೈಗುಳವೂ ತಿನ್ನಬೇಕು ಎಂಬುದನ್ನು. ಕೈಯ ಕೆಲಸಕ್ಕೂ ಕೂಸಿನ ಉಸಿರಿಗೂ ಇರುವ ನಂಟನ್ನು ಅವಳ ಮನಸ್ಸಿನಲ್ಲಿ ಕಟ್ಟಲೆಂದೇ ಇದ್ದ ಸಾಧನದಿಂದ ಆ ನಂಟನ್ನು ಕಡಿದು ಹಾಕಿದಂತಾಯಿತು. ಎಷ್ಟೇ ಮಾಡಿದರೂ ಉಳಿಯದ ಕೂಸುಗಳೂ ಇರುತ್ತವೆ, ಆ ದುಃಖವನ್ನೂ ಕಲಿಸಬೇಕು, ಒಪ್ಪೋಣ. ಅದಕ್ಕೆ ಬೇರೆ ದಿನ ಇಡಬೇಕು, ಮುಂಚೆಯೇ ಹೇಳಿ ಶುರುಮಾಡಬೇಕು.

ಈಗ ದುಬಾರಿ ಗೊಂಬೆಗಳ ವಿಷಯ. ಕಣ್ಣು ಮಿಟುಕಿಸುವ, ಬೆವರುವ, ನಾಡಿ ಏರಿಳಿಯುವ, ಕಂಪ್ಯೂಟರಿನಿಂದ ನಡೆಯುವ ಮ್ಯಾನಿಕಿನ್‌ಗಳು ಲಕ್ಷಗಟ್ಟಲೆ ಬೆಲೆಗೆ ಬಂದಿವೆ. 2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದ ಮೇಲೆ ವೈದ್ಯಕೀಯ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ ಕಡ್ಡಾಯವಾಯಿತು. ಒಳ್ಳೆಯ ನಿಯಮವೇ. ಆದರೆ ಕೊಳ್ಳುವುದು ಸುಲಭ, ಟೆಂಡರ್ ಕರೆದರಾಯಿತು. ಪರಿಶೀಲನೆಗೆ ಬಂದವರು ಎಣಿಸಿ ನೋಡುವುದೂ ವಸ್ತುವನ್ನೇ. ಪ್ಲಾಸ್ಟಿಕ್ ಕವರು ತೆಗೆಯದ ಮ್ಯಾನಿಕಿನ್, ಬೀರುವಿನಲ್ಲಿ ಬೀಗ ಹಾಕಿಟ್ಟ ಕೃತಕ ಕೈ, ಬೀಗದ ಕೈ ರಜೆಯ ಮೇಲೆ ಹೋದ ಇನ್‌ಚಾರ್ಜ್ ಬಳಿ: ಇದು ಯಾವುದೋ ಒಂದು ಕಾಲೇಜಿನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಹಾಳಾದರೆ ನಮ್ಮ ಸಂಬಳದಲ್ಲಿ ಕಡಿತವಾಗುತ್ತದೆ ಎಂಬ ಹೆದರಿಕೆಯೂ ಸುಳ್ಳಲ್ಲ. ದಾಸ್ತಾನು ಪುಸ್ತಕದಲ್ಲಿ ಸುರಕ್ಷಿತವಾಗಿರುವ ಗೊಂಬೆಯಿಂದ ಯಾರೂ ಏನೂ ಕಲಿಯುವುದಿಲ್ಲ.

ಅಲ್ಲದೆ ಹೊಸದಾಗಿ ಕಲಿಯುವವರಿಗೆ ದುಬಾರಿ ಗೊಂಬೆಯೇ ಒಳ್ಳೆಯದು ಎಂಬ ನಂಬಿಕೆಗೂ ಆಧಾರವಿಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಿಂದ ಹೇಳುತ್ತ ಬಂದದ್ದು ಇದನ್ನೇ: ಮನಸ್ಸು ಒಂದು ಹೊತ್ತಿಗೆ ಹೊರಬಲ್ಲ ಹೊಸ ಸಂಗತಿಗಳು ಬೆರಳೆಣಿಕೆಯಷ್ಟು. ಮಾಸ್ಕ್ ಕೂರಿಸುವುದೇ ಇನ್ನೂ ಬಾರದವಳ ಮುಂದೆ ಮಾನಿಟರಿನ ನಾಲ್ಕು ಬಣ್ಣದ ಗೆರೆ, ಅಲಾರಂ, ಅಳುವ ಅಜ್ಜಿಯ ಪಾತ್ರ ಎಲ್ಲವನ್ನೂ ಒಟ್ಟಿಗೆ ಸುರಿದರೆ ಅವಳು ಗಾಬರಿಯನ್ನೇ ಕಲಿಯುತ್ತಾಳೆ. ನೀರು ತುಂಬಿದ ಚೀಲದಂಥ ಗೊಂಬೆ ಮೊದಲ ಹೆಜ್ಜೆಗೆ ಸಾಕು. ಗದ್ದಲ ಆಮೇಲೆ ಬರಲಿ, ಒಂದೊಂದಾಗಿ. ಯಾರಿಗೆ ಎಷ್ಟು ನಿಜದಂತಿರಬೇಕು ಎಂದು ಅಳೆದು ಕೊಡುವುದರಲ್ಲಿ ಕಲಿಸುವವರ ಜಾಣತನವಿದೆ. ಅದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ.

ಬೆಳಗಾವಿಗೆ ಬರೋಣ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಗ್ರಾಮೀಣ ಪಿಎಚ್‌ಸಿಗಳು, ಜಿಲ್ಲಾ ಮತ್ತು ನಗರದ ಆಸ್ಪತ್ರೆಗಳ 599 ಹೆರಿಗೆ ಸಿಬ್ಬಂದಿಗೆ ಇದೇ ತರಬೇತಿ ಕೊಡಿಸಿ, ಮುಂಚಿನ ಹೆರಿಗೆಗಳನ್ನೂ ನಂತರದ ಹೆರಿಗೆಗಳನ್ನೂ ಹೋಲಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ನಿರ್ಜೀವ ಜನನ ನೂರಕ್ಕೆ 3.0ರಿಂದ 2.3ಕ್ಕೆ ಇಳಿದಿತ್ತು. ಅದರಲ್ಲೂ ಹೆರಿಗೆಯ ಹೊತ್ತಿಗಷ್ಟೇ ಜೀವ ಹೋದಂತೆ ಕಾಣುವ ಕೂಸುಗಳ ಪ್ರಮಾಣ 1.7ರಿಂದ 0.9ಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಹುಟ್ಟಿದ ಮೇಲೆ ಸಾಯುವ ಕೂಸುಗಳ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಾಗಲಿಲ್ಲ. ಮುಂಚೆ ಮತ್ತು ನಂತರ ಎಂಬ ಹೋಲಿಕೆಯಾದ್ದರಿಂದ ಶ್ರೇಯಸ್ಸೆಲ್ಲ ತರಬೇತಿಗೇ ಎಂದು ಪಟ್ಟುಹಿಡಿಯಬೇಕಿಲ್ಲ. ಆದರೂ ಆ ಸಂಖ್ಯೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ‘ಸತ್ತೇ ಹುಟ್ಟಿತು’ ಎಂದು ಬಟ್ಟೆ ಮುಚ್ಚಿಟ್ಟ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಉಸಿರು ಹಿಡಿದಿದ್ದವು, ಅಷ್ಟೇ. ಎದೆಯೊಳಗೆ ಮಿಡಿತವಿತ್ತು, ಒಂದೆರಡು ನಿಮಿಷ ಮಾಸ್ಕ್ ಹಿಡಿಯುವ ಕೈ ಬೇಕಿತ್ತು. ತಾಯಿ ಅದನ್ನು ಹಣೆಬರಹ ಎಂದುಕೊಂಡು ಮನೆಗೆ ಹೋದಳು. ಯಾವಳೋ ಒಬ್ಬ ಸಿಸ್ಟರ್‌ಗೆ ಯಾರೂ ಸರಿಯಾಗಿ ಕಲಿಸದೆ ಹೋದದ್ದನ್ನು ನಾವು ವಿಧಿಯ ಲೆಕ್ಕಕ್ಕೆ ಬರೆದಿದ್ದೆವು.

ಬೆಳಗಾವಿಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ಬೆಳಗಾವಿ, ನಾಗಪುರ ಮತ್ತು ಕೀನ್ಯಾದ ಎಲ್ಡೊರೆಟ್ ಈ ಮೂರೂ ಕಡೆ ಕಲಿತದ್ದು ಎಷ್ಟು ಉಳಿಯುತ್ತದೆ ಎಂದು ನೋಡಿದ ಅಧ್ಯಯನ 2016ರಲ್ಲಿ ಬಂತು. ಬಾಯಿಪಾಠದ ಜ್ಞಾನ ಬಹುಮಟ್ಟಿಗೆ ಉಳಿದಿತ್ತು. ಬ್ಯಾಗ್ ಮಾಸ್ಕ್ ಹಿಡಿಯುವ ಕೈಚಳಕ ತಿಂಗಳುಗಳಲ್ಲಿ ಮಾಸಿತ್ತು. ಮರೆವಿನ ಇಳಿಜಾರನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ಬರೆದಿಟ್ಟಿದ್ದ: ಒಂದೇ ದಿನ ತುರುಕಿದ್ದು ಬೇಗ ಹೋಗುತ್ತದೆ, ಬಿಟ್ಟು ಬಿಟ್ಟು ಮತ್ತೆ ಮಾಡಿದ್ದು ನಿಲ್ಲುತ್ತದೆ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ನೋಡಿ 1993ರಲ್ಲಿ ಆಂಡರ್ಸ್ ಎರಿಕ್ಸನ್ ಬರೆದದ್ದೂ ಇದಕ್ಕೆ ಸೇರುತ್ತದೆ. ಬರೀ ವರ್ಷಗಳು ಕಳೆದರೆ ಕೈ ಪಳಗುವುದಿಲ್ಲ, ಎಲ್ಲಿ ತಪ್ಪುತ್ತಿದೆಯೋ ಅಲ್ಲೇ ನಿಂತು ತಿದ್ದಿಕೊಂಡು ಮತ್ತೆ ಮಾಡಬೇಕು. ಸಂಗೀತದ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಬೇಕಾಗಿಲ್ಲ. ಸರಳೆ ವರಸೆಯನ್ನು ಒಂದು ದಿನದ ಕಾರ್ಯಾಗಾರದಲ್ಲಿ ಮುಗಿಸಿ ಪ್ರಮಾಣಪತ್ರ ಕೊಡುತ್ತೇವೆ ಎಂದರೆ ಪಾಠದ ಟೀಚರು ನಗುತ್ತಾರೆ. ಕೂಸಿನ ಉಸಿರಿನ ವಿಷಯದಲ್ಲಿ ಮಾತ್ರ ಇಲಾಖೆಗಳಿಗೆ ಅದು ನಗುವ ಸಂಗತಿಯಾಗಿ ಕಂಡಿಲ್ಲ.

1990ರಲ್ಲಿ ಜಾರ್ಜ್ ಮಿಲ್ಲರ್ ವೈದ್ಯ ವಿದ್ಯೆಗೆ ನಾಲ್ಕು ಮೆಟ್ಟಿಲು ಹೇಳಿದ. ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ಯಾರೂ ನೋಡದಿದ್ದಾಗಲೂ ಮಾಡುವುದು. ಹೈಡಮ್‌ನವರು ಮೊದಲ ಸಲ ಎಡವಿದ್ದು ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲಿನ ನಡುವೆ. ನಮ್ಮ ಲಾಗ್‌ಬುಕ್ಕುಗಳು ಮೂರನೆಯದಕ್ಕೇ ಸಹಿ ಹಾಕಿಸಿಕೊಂಡು, ಕೆಲವು ಕಡೆ ಎರಡನೆಯದಕ್ಕೇ ಹಾಕಿಸಿಕೊಂಡು, ಮುಚ್ಚಿಹೋಗುತ್ತವೆ.

ಗೊಂಬೆಯ ಪಾಠದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಗೊಂಬೆಯನ್ನು ಪಕ್ಕಕ್ಕಿಟ್ಟ ಮೇಲೆ ಬರುತ್ತದೆ. ಮಾಡಿದ್ದನ್ನು ಕೂತು ಮಾತಾಡುವುದು. ಅನುಭವವಾದರೆ ಸಾಲದು, ಅದನ್ನು ತಿರುವಿ ನೋಡಿದಾಗಲೇ ಕಲಿಕೆ ಎಂದು ಡೇವಿಡ್ ಕೋಲ್ಬ್, ಡೊನಾಲ್ಡ್ ಶೋನ್ ಮೊದಲಾದವರು ಎಂಬತ್ತರ ದಶಕದಲ್ಲಿ ವಿಸ್ತಾರವಾಗಿ ಬರೆದರು. ಬರೆದದ್ದನ್ನು ಓದುವುದಕ್ಕೂ, ನಮ್ಮ ಆಸ್ಪತ್ರೆಯೊಂದರಲ್ಲಿ ಅದನ್ನು ನಡೆಸುವುದಕ್ಕೂ ಅಜಗಜಾಂತರ. ಇಲ್ಲಿ ‘ಯಾಕೆ ಹೀಗೆ ಮಾಡಿದಿ?’ ಎಂಬುದು ಪ್ರಶ್ನೆಯಲ್ಲ, ಬೈಗುಳ. ಕೇಳಿಸಿಕೊಂಡವಳು ತಲೆ ತಗ್ಗಿಸಿ ‘ಸಾರಿ ಮೇಡಂ’ ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯಿತು. ಅವಳ ತಲೆಯೊಳಗೆ ಆ ಹೊತ್ತಿಗೆ ಏನು ನಡೆದಿತ್ತು, ಮಾಸ್ಕ್ ಬಿಟ್ಟು ಸಕ್ಷನ್ನಿಗೆ ಯಾಕೆ ಕೈ ಹಾಕಿದಳು, ಡಾಕ್ಟರು ಬರಲಿ ಎಂದು ಕಾಯುತ್ತಿದ್ದಳೇ, ಅದು ಹೊರಗೆ ಬರುವುದೇ ಇಲ್ಲ. ಹೊರಗೆ ಬಾರದ ತಪ್ಪು ಮುಂದಿನ ಹೆರಿಗೆಗೂ ಅವಳ ಜೊತೆಗೇ ಹೋಗುತ್ತದೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ನರ್ಸಿಂಗ್ ತಂಡಗಳಲ್ಲಿ ಔಷಧಿಯ ತಪ್ಪುಗಳನ್ನು ಎಣಿಸಲು ಹೋದಳು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕಲ್ಲ? ಲೆಕ್ಕದಲ್ಲಿ ಹೆಚ್ಚು ಕಂಡವು. ಕೆದಕಿ ನೋಡಿದಾಗ, ಒಳ್ಳೆಯ ತಂಡದವರು ತಪ್ಪನ್ನು ಹೇಳುತ್ತಿದ್ದರು, ಉಳಿದವರು ಹೆದರಿ ಮುಚ್ಚಿಡುತ್ತಿದ್ದರು. ತಪ್ಪೇ ಇಲ್ಲವೆಂದು ತಿಂಗಳ ವರದಿ ಕಳಿಸುವ ಆಸ್ಪತ್ರೆಯನ್ನು ಕಂಡರೆ ನನಗೆ ಅಂದಿನಿಂದ ಭಯ.

ಗೊಂಬೆಯಿಂದ ಕಲಿಯಲಾಗದ್ದೂ ಇದೆ, ಅದು ಸಣ್ಣದಲ್ಲ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಗೆ ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ ವಿದ್ಯೆ ಬಂದದ್ದು ಅಜ್ಜಿಯ ಜೊತೆ ಹೋಗಿ ಹೋಗಿ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಬರೆದ ಪುಸ್ತಕದಲ್ಲಿ ಮೆಕ್ಸಿಕೊದ ಮಾಯಾ ಸೂಲಗಿತ್ತಿಯರ ಕಥೆ ಇದನ್ನೇ ಹೋಲುತ್ತದೆ. ಅಲ್ಲಿ ಯಾರೂ ಪಾಠ ಮಾಡುವುದಿಲ್ಲ. ಹುಡುಗಿ ಮೊದಲು ಸುದ್ದಿ ಮುಟ್ಟಿಸುತ್ತಾಳೆ, ಸಾಮಾನು ತಂದುಕೊಡುತ್ತಾಳೆ, ಮೈ ಉಜ್ಜುತ್ತಾಳೆ, ವರ್ಷಗಳ ಮೇಲೆ ಒಂದು ದಿನ ಕೂಸು ಹಿಡಿಯುತ್ತಾಳೆ. ಆ ದಾರಿಯಲ್ಲಿ ಕೈಕೆಲಸದ ಜೊತೆ ಮಾತೂ ಬರುತ್ತದೆ. ನೋವಿನಲ್ಲಿರುವ ಹೆಂಗಸಿನ ಹತ್ತಿರ ಹೇಗೆ ಕೂರಬೇಕು, ಯಾವಾಗ ಸುಮ್ಮನಿರಬೇಕು ಎಂಬುದೂ ಬರುತ್ತದೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನಲಾರೆ. ಕೂಸು ನೀಲಿಗಟ್ಟಿದಾಗ ಮಾಡಲು ಏನೂ ಇಲ್ಲದ ಕಾಲವೂ ಅದೇ ಆಗಿತ್ತು.

ಹೊಟ್ಟೆಗೆ ಕಟ್ಟಿಕೊಳ್ಳುವ ಇನ್ನೊಂದು ಗೊಂಬೆ ಇದೆ, ಮಾಮಾನಟಾಲಿ. ಒಬ್ಬ ಸಿಸ್ಟರ್ ಅದನ್ನು ಕಟ್ಟಿಕೊಂಡು ಬಸುರಿಯಾಗುತ್ತಾಳೆ. ಕೂಸನ್ನು ಒಳಗಿನಿಂದ ತಳ್ಳುವವಳೂ ರಕ್ತದ ಬಣ್ಣದ ನೀರು ಬಿಡುವವಳೂ ಅವಳೇ. ಉತ್ತರ ಕರ್ನಾಟಕದ ಒಂದು ತರಬೇತಿಯಲ್ಲಿ ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಗೊಂಬೆ ಕಟ್ಟಿಕೊಂಡವಳು ಚೆನ್ನಾಗಿ ನಟಿಸಿದಳು, ‘ಯವ್ವಾ, ಆಗವಲ್ದು’ ಎಂದು ನರಳಿದಳು. ಹೆರಿಗೆ ಮಾಡಿಸುತ್ತಿದ್ದವಳ ಬಾಯಿಂದ ರೂಢಿಯ ಮಾತು ಹೊರಬಿತ್ತು: ‘ಸುಮ್ನ ಇರವಾ, ಎಷ್ಟ್ ಒದರ್ತಿ!’ ಕೋಣೆಯೆಲ್ಲ ನಕ್ಕಿತು. ಆಟ ಮುಗಿದ ಮೇಲೆ ತರಬೇತುದಾರಳು ಹೆರಿಗೆ ಮಾಡಿಸಿದವಳನ್ನು ಬಿಟ್ಟು, ಗೊಂಬೆ ಕಟ್ಟಿಕೊಂಡವಳನ್ನು ಕೇಳಿದಳು: ‘ಆಗ ನಿಮಗ ಹೆಂಗ ಅನಸ್ತ್ರಿ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಟಾ ಅಂತ ಗೊತ್ತಿತ್ತ್ರಿ, ಆದ್ರೂ ಖರೇನ ಸಿಟ್ಟ ಬಂತು. ನಾನೂ ದಿನಾ ಹಂಗs ಅಂತೀನಿ’ ಎಂದಳು. ಆ ಕೋಣೆಯಲ್ಲಿ ಗೌರವಯುತ ಹೆರಿಗೆ ಸೇವೆಯ ಮೇಲೆ ಒಂದು ಗಂಟೆಯ ಉಪನ್ಯಾಸ ಬೆಳಿಗ್ಗೆಯೇ ಆಗಿತ್ತು. ಅದರಿಂದ ಆಗದ್ದು ಈ ಒಂದು ಪ್ರಶ್ನೆಯಿಂದ ಆಯಿತು. ಪ್ರಶ್ನೆ ತಾನಾಗಿ ಹುಟ್ಟಿದ್ದಲ್ಲ. ಯಾರನ್ನು ಮೊದಲು ಕೇಳಬೇಕು, ಏನನ್ನು ಕೇಳಬೇಕು ಎಂದು ಆ ತರಬೇತುದಾರಳು ಹಿಂದಿನ ರಾತ್ರಿಯೇ ಬರೆದುಕೊಂಡು ಬಂದಿದ್ದಳು.

ಗೊಂಬೆಯ ಪಾಠ ಇಷ್ಟು ಒಳ್ಳೆಯದಾದರೆ ಆಸ್ಪತ್ರೆಯ ಪಾಠವನ್ನೇ ಕಡಿಮೆ ಮಾಡಬಹುದಲ್ಲ ಎನ್ನುವವರೂ ಇದ್ದಾರೆ, ಮುಖ್ಯವಾಗಿ ರೋಗಿಗಳಿಲ್ಲದ ಕಾಲೇಜು ನಡೆಸುವವರು. ಅವರು ಅಮೆರಿಕದ ನರ್ಸಿಂಗ್ ಮಂಡಳಿಗಳ ಒಕ್ಕೂಟ 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದೆ ಹಿಡಿಯುತ್ತಾರೆ. ಆಸ್ಪತ್ರೆಯ ಗಂಟೆಗಳಲ್ಲಿ ಅರ್ಧದವರೆಗೆ ಸಿಮ್ಯುಲೇಷನ್ನಿಗೆ ಬದಲಿಸಿದರೂ ವಿದ್ಯಾರ್ಥಿಗಳ ಮಟ್ಟ ಕುಗ್ಗಲಿಲ್ಲ ಎನ್ನುತ್ತದೆ ಅದು. ಆದರೆ ಅಲ್ಲಿ ಕಲಿಸಿದವರೆಲ್ಲ ಈ ವಿಧಾನದಲ್ಲೇ ತರಬೇತಿ ಪಡೆದವರು, ಪ್ರತಿ ಅಭ್ಯಾಸದ ನಂತರ ಕ್ರಮವಾಗಿ ಕೂತು ಮಾತಾಡಿದವರು. ಷರತ್ತನ್ನು ಬಿಟ್ಟು ಫಲಿತಾಂಶವನ್ನಷ್ಟೇ ಆಮದು ಮಾಡಿಕೊಳ್ಳುವುದು ಬಡವರ ಮೈಯನ್ನು ಉಳಿಸುವ ದಾರಿಯಲ್ಲ. ಏನೂ ಬಾರದವರನ್ನು ಪದವಿ ಕೊಟ್ಟು ಅದೇ ಬಡವರ ಬಳಿಗೆ ಕಳಿಸಿದ ಹಾಗಾಗುತ್ತದೆ.

ಇದನ್ನು ಓದುವವರಲ್ಲಿ ತಾಲೂಕು ಆಸ್ಪತ್ರೆಯ, ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿರಬಹುದು, ಆಡಳಿತ ನೋಡುವ ವೈದ್ಯರಿರಬಹುದು. ಮುಂದಿನ ಸಭೆಯಲ್ಲಿ ಬಣ್ಣ ಬಳಿಸುವ, ಫ್ಯಾನು ಹಾಕಿಸುವ ವಿಷಯ ಮುಗಿದ ಮೇಲೆ ಇದನ್ನೂ ಕೇಳಿ: ನಮ್ಮಲ್ಲಿ ಕೂಸಿನ ಗೊಂಬೆ ಇದೆಯೇ, ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ? ರಾತ್ರಿ ಪಾಳಿಯ ಸಿಸ್ಟರ್ ಈ ತಿಂಗಳು ಅದರ ಮೇಲೆ ಮಾಸ್ಕ್ ಹಿಡಿದು ನೋಡಿದ್ದಾರೆಯೇ? ಇಲ್ಲವೆಂದಾದರೆ ಅದನ್ನು ಹೆರಿಗೆ ಕೋಣೆಯ ಮೇಜಿನ ಮೇಲೆ ಇಡಿಸಿ, ವಾರಕ್ಕೆ ಐದು ನಿಮಿಷ ಎಂದು ಡ್ಯೂಟಿ ಪಟ್ಟಿಯಲ್ಲೇ ಬರೆಸಿ. ಹಾಳಾದರೆ ಸಿಸ್ಟರ್ ಸಂಬಳದಲ್ಲಿ ಹಿಡಿಯುವುದಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ.